ಹೆಂಡತಿ ಬೆರಳು ಚೀಪಿದ ಸುದ್ದಿ

ಹೆಂಡತಿ ಹೊಟ್ಟೆತುಂಬ ಉಂಡು ಬೆರಳು ಚೀಪಿದಳು ಎಂದು ಕೇಳಿ ಯಾವ ಗಂಡನ ಹೊಟ್ಟೆಗಾದರೂ ಬೆಂಕಿ ಬಿದ್ದದ್ದುಂಟೇ? ಸೌಟಣ್ಣನ ಹೊಟ್ಟೆಗೆ ಬಿತ್ತು. ಬೀಳದೆ ಇನ್ನೇನಾದೀತು, ಅವಳು ಉಂಡದ್ದು ಬೇರೆಯವನ ಅಂಗಡಿಯಲ್ಲಿ.

ಸೌಟಣ್ಣ ಎಂದರೆ ಆ ಬೆಟ್ಟದೂರಿನ ದೊಡ್ಡ ಬೀದಿಯಲ್ಲಿ ನಲವತ್ತು ಕುರ್ಚಿಯ ಹೋಟೆಲು ಇಟ್ಟವನು. ಮಾತಾಡುವಾಗಲೂ ಕೈಯಲ್ಲಿ ಸೌಟು ಇರುತ್ತಿದ್ದುದರಿಂದ ಹೆತ್ತವರು ಇಟ್ಟ ಹೆಸರು ಎಲ್ಲೋ ಹೋಗಿ ಇದೇ ನಿಂತುಬಿಟ್ಟಿತ್ತು. ಸುದ್ದಿ ಹೇಳಿದವನು ಎದುರಿನ ಕ್ಷೌರದಂಗಡಿಯವನು. ಕೆನ್ನೆಗೆ ಸೋಪು ಬಳಿದು, ಕತ್ತಿಯನ್ನು ಗಂಟಲಿಗೆ ತಂದು, ಆಮೇಲೆ ಬಾಯಿ ಬಿಡುವುದು ಆ ಪುಣ್ಯಾತ್ಮನ ಪದ್ಧತಿ. ಕೇಳುವವನು ಅಲ್ಲಾಡುವ ಹಾಗಿಲ್ಲ.

"ಅತ್ತಿಗೇನ ನೋಡ್ದೆ ನಿನ್ನೆ," ಅಂದ. "ಕಡ್ಡಿ ಅಂಗಡೀಲಿ. ಕಾಳಿನ ಸಾರು ತಿಂತಾ ಇದ್ರು. ತಿಂದು ಮುಗಿಸಿ ಒಂದೊಂದೇ ಬೆರಳು ಚೀಪಿದ್ರು ನೋಡಣ್ಣ! ಆ ತಟ್ಟೆ ತೊಳೆಯೋದೇ ಬೇಡ, ಹಾಗೇ ಎತ್ತಿಡಬಹುದಿತ್ತು."

"ಹೂಂ," ಅಂದ ಸೌಟಣ್ಣ. ಕತ್ತಿ ಗಂಟಲ ಮೇಲಿರುವಾಗ ಅದಕ್ಕಿಂತ ಹೆಚ್ಚು ಅನ್ನಲಾದೀತೇ?

"ದಿನಾ ಬರ್ತಾರಂತೆ. ಮಧ್ಯಾಹ್ನ ಲೈಬ್ರರಿ ಬಾಗಿಲು ಹಾಕಿದ್ದೇ ತಡ, ಎಪ್ಪತ್ತೆರಡು ಮೆಟ್ಲು ಹತ್ತಿ ಬಂದು ಕಿಟಕಿ ಪಕ್ಕದ ಮೇಜು ಹಿಡೀತಾರಂತೆ."

ಎಪ್ಪತ್ತೆರಡು ಮೆಟ್ಟಿಲು! ಮಂಡಿ ನೋವು ಎಂದು ಸ್ವಂತ ಮನೆಯ ಅಟ್ಟ ಹತ್ತದವಳು! ಸೌಟಣ್ಣ ಅರ್ಧ ಗಡ್ಡಕ್ಕೇ ಎದ್ದು ಬಂದ.

ಅವನ ಸಂಕಟ ಏನೆಂದು ಹೇಳಿಬಿಡುತ್ತೇನೆ, ಇಲ್ಲವಾದರೆ ನೀವು ಬೇರೇನೋ ಅಂದುಕೊಂಡೀರಿ. ಹೆಂಡತಿಯ ನಡತೆಯ ಮೇಲೆ ಅವನಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಅನುಮಾನ ಇದ್ದದ್ದು ಅವಳ ನಾಲಿಗೆಯ ಮೇಲೆ. ಮದುವೆಯಾಗಿ ಇಪ್ಪತ್ತೆರಡು ವರ್ಷ. ಈಚಿನ ವರ್ಷಗಳಲ್ಲಿ ಬೆಳಿಗ್ಗೆ, ರಾತ್ರಿ ಅವನು ಬಡಿಸಿದ್ದನ್ನು ಸುಮ್ಮನೆ ಉಣ್ಣುತ್ತಿದ್ದಳು. "ಹೇಗಿದೆ?" ಅಂದರೆ "ಚೆನ್ನಾಗಿದೆ" ಅನ್ನುತ್ತಿದ್ದಳು, ತಾನು ಕೆಲಸ ಮಾಡುವ ಲೈಬ್ರರಿಯ ಪುಸ್ತಕಕ್ಕೆ ಮುದ್ರೆ ಒತ್ತುವ ಹಾಗೆ, ಪುಸ್ತಕದ ಮುಖ ಕೂಡ ನೋಡದೆ. ತಿನ್ನುತ್ತಿದ್ದದ್ದೂ ಚಮಚದಲ್ಲಿ. ಮಧ್ಯಾಹ್ನಕ್ಕೆ ಬಾ ಎಂದರೆ "ಬೇಡಪ್ಪ, ನಂಗೆ ಬ್ರೆಡ್ಡು ಸಾಕು." ಊರಿಗೆ ಬರುವ ಪ್ರವಾಸಿಗರೆಲ್ಲ ಅವನ ಕೈರುಚಿ ಹೊಗಳಿ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ವಯಸ್ಸಾದಂತೆ ಇವಳಿಗೆ ಊಟದ ಮೇಲಿನ ಆಸೆಯೇ ಹೋಗಿದೆ ಎಂದು ಅವನು ಸಮಾಧಾನ ಮಾಡಿಕೊಂಡಿದ್ದ. ಈಗ ನೋಡಿದರೆ ಆಸೆ ಇದೆ! ಬೆರಳೂ ಇವೆ!

ಅದೂ ಯಾರ ಕೈಯ ಊಟಕ್ಕೆ? ಕಡ್ಡಿ ಅಡುಗೆಯವನೇ ಅಲ್ಲ. ಹದಿನೈದು ವರ್ಷ ಬಸ್ಸು ಓಡಿಸಿ, ಬೆನ್ನು ಹೋಗಿ, ನಾಲ್ಕು ವರ್ಷದ ಹಿಂದೆ ಮೂರು ಮೇಜು ಹಾಕಿಕೊಂಡು ಕೂತವನು. ಕಡ್ಡಿಯ ಹಾಗಿದ್ದಾನೆ ಎಂದೇ ಆ ಹೆಸರು. ಸ್ಟೀರಿಂಗ್ ತಿರುಗಿಸಿದ ಕೈಗೆ ಸಾರು ತಿರುವುವುದು ಬರುತ್ತದೆಯೇ? ಸೌಟಣ್ಣನಿಗೆ ಮೈಯೆಲ್ಲ ಉರಿಯಿತು. ಆ ದಿನ ಮೂರು ಬಾರಿ ಉಪ್ಪು ಹಾಕಿದ ಸಾರಿಗೇ ಮತ್ತೆ ಉಪ್ಪು ಹಾಕಿದ.

ಹೋಗಿ ತಿಂದು ನೋಡೋಣ ಎಂದರೆ ಅದಕ್ಕೊಂದು ಕಟ್ಟಳೆ. ಆ ಊರಿನಲ್ಲಿ ಒಬ್ಬ ಅಡುಗೆಯವನು ಇನ್ನೊಬ್ಬನ ಅಂಗಡಿಗೆ ಉಣ್ಣಲು ಹೋದರೆ ತನ್ನ ಏಪ್ರನ್ನನ್ನು ಹೊರಗಿನ ಮೊಳೆಗೆ ತೂಗುಹಾಕಿ ಒಳಗೆ ಹೋಗಬೇಕು. ನಾನು ಉಣ್ಣಲು ಬಂದವನು, ಕದಿಯಲು ಅಲ್ಲ ಎಂದು ಅದರ ಅರ್ಥ. ಆದರೆ ನಲವತ್ತು ಕುರ್ಚಿಯವನ ಏಪ್ರನ್ನು ಮೂರು ಮೇಜಿನವನ ಬಾಗಿಲಲ್ಲಿ ತೂಗಾಡುವುದೇ? ಮಾನ ಉಳಿದೀತೇ? ಹೆಂಡತಿ ತನ್ನ ತಂಗಿಯ ಮನೆಗೆಂದು ಬಸ್ಸು ಹತ್ತಿದ ದಿನ, ಸೌಟಣ್ಣ ಕಿವಿ ಮುಚ್ಚುವ ಉಲ್ಲನ್ ಟೋಪಿ ಹಾಕಿ, ಮೂಗಿನ ತನಕ ಮಫ್ಲರ್ ಸುತ್ತಿ, ಕಳ್ಳನ ಹಾಗೆ ಮೆಟ್ಟಿಲ ಬೀದಿ ಹಿಡಿದ.

ಆ ಬೀದಿಗೆ ಕಾಲಿಟ್ಟು ಎಂಟು ವರ್ಷವಾಗಿತ್ತು. ಮೊದಲೆಲ್ಲ ವಾರದ ರಜೆ ಬಂದರೆ ಗಂಡ ಹೆಂಡತಿ ಇಲ್ಲಿಗೇ ಬರುತ್ತಿದ್ದರು. ಕೆಳಗಿನ ಬನ್ನಿನಂಗಡಿಯಿಂದ ಶುರು, ಒಂದೇ ಬನ್ನು ಇಬ್ಬರಿಗೆ. ನಡುವೆ ಹಾಲಿನಂಗಡಿಯ ಕೆನೆ. ಮೇಲೆ ಬಂದರೆ ಮೀನು ಕರಿಯುವವಳು, ಅವಳ ಬಾಣಲೆಯ ಮುಂದೆ ಕೈ ಕಾಯಿಸಿಕೊಂಡು ನಿಂತು, ಬಾಯಿ ಸುಟ್ಟುಕೊಂಡು, ನಗಾಡಿ, ಸಂಜೆ ಇಳಿಯುತ್ತಿದ್ದರು. ಹೋಟೆಲು ದೊಡ್ಡದಾದ ಮೇಲೆ ರಜೆಯೂ ಹೋಯಿತು, ಬೀದಿಯೂ ಹೋಯಿತು. ತನಗೆ ಹೋಗಿದೆ ಎಂದರೆ ಅವಳಿಗೂ ಹೋಗಿದೆ ಎಂದೇ ಅವನ ಎಣಿಕೆ.

ಬನ್ನಿನಂಗಡಿಯ ಮುದುಕಿ ಟೋಪಿಯೊಳಗಿನ ಮುಖವನ್ನು ಬಗ್ಗಿ ನೋಡಿದಳು. "ಅಯ್ಯೋ, ನೀವಾ! ಏನು ಸ್ವಾಮಿ, ನಿಮ್ಮೋರು ಬರ್ಲಿಲ್ವಾ ಇವತ್ತು? ವಾರಕ್ಕೆರಡು ಸಲ ಬರ್ತಾರೆ, ತಳ ಸ್ವಲ್ಪ ಸೀದಿರೋ ಬನ್ನೇ ಬೇಕು ಅಂತಾರೆ, ತೆಗೆದಿಟ್ಟಿರ್ತೀನಿ."

ಹಾಲಿನಂಗಡಿಯವನು ಕೂಗಿದ: "ಅಣ್ಣಾ, ಅಕ್ಕಂಗೆ ಹೇಳಿ, ನಾಳೆ ಕೆನೆ ದಪ್ಪ ಬರುತ್ತೆ!"

ಸೀದ ತಳ ಅವಳಿಗೆ ಇಷ್ಟ ಎನ್ನುವುದು ಇಡೀ ಊರಿಗೇ ಗೊತ್ತು, ಮನೆಯ ಗಂಡನಿಗೆ ಗೊತ್ತಿಲ್ಲ. ಮೊದಲು ಕಡ್ಡಿಯೊಬ್ಬನ ಮೇಲಿದ್ದ ಹೊಟ್ಟೆಕಿಚ್ಚು ಈಗ ಬೀದಿಗೆ ಬೀದಿಯ ಮೇಲೇ ಹರಡಿತು. ಆ ಮುದುಕಿಯ ಮೇಲೆ ಕೂಡ! ಎಂಬತ್ತು ವರ್ಷದ ಮುದುಕಿಯನ್ನು ಕಂಡು ಕರುಬುವ ಮಟ್ಟಕ್ಕೆ ಇಳಿದನಲ್ಲ ಎಂದು ಅವನಿಗೇ ನಾಚಿಕೆಯಾಯಿತು. ನಾಚಿಕೆಯಾದರೂ ಕಿಚ್ಚು ಆರಲಿಲ್ಲ.

ಕಡ್ಡಿಯ ಅಂಗಡಿಯಲ್ಲಿ ಒಂದೇ ಒಲೆ, ಒಂದೇ ಪಾತ್ರೆ. ಮಸಿ ಹಿಡಿದ ಆ ಪಾತ್ರೆಯ ಪಕ್ಕ ಕಡ್ಡಿ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದ, ಡಿಪೋದಲ್ಲಿ ಬಸ್ಸು ಹೊರಡುವ ಹೊತ್ತಿಗೆ ಕಾಯುವವನ ಹಾಗೆ. ಸೌಟಣ್ಣ ಮೂಲೆ ಹಿಡಿದು ಕೂತು, ದನಿ ಬದಲಿಸಿ, "ಒಂದು ಸಾರು, ಬ್ರೆಡ್ಡು," ಅಂದ. ಕಡ್ಡಿ ತಂದಿಟ್ಟ. ತಟ್ಟೆ ಇಡುವಾಗ ಅವನ ಕಣ್ಣು ಸೌಟಣ್ಣನ ಮುಂಗೈ ಮೇಲೆ ಬಿತ್ತು. ಮೂವತ್ತು ವರ್ಷ ಬಾಣಲೆಯ ಮುಂದೆ ನಿಂತವನ ಸುಟ್ಟ ಕಲೆಗಳು. ಟೋಪಿ ಹಾಕಿಕೊಂಡರೆ ಅವು ಮುಚ್ಚುತ್ತವೆಯೇ?

"ಏಪ್ರನ್ನು ಹೊರಗೆ ಹಾಕ್ಲಿಲ್ವಲ್ಲಣ್ಣ," ಅಂದ, ಮೆಲ್ಲಗೆ. ಬೈಗುಳವಿರಲಿಲ್ಲ, ಅದು ಇನ್ನೂ ಚುಚ್ಚಿತು.

ಅಷ್ಟರಲ್ಲಿ ಸೌಟಣ್ಣ ಬ್ರೆಡ್ಡು ಅದ್ದಿ ಒಂದು ತುತ್ತು ಬಾಯಿಗಿಟ್ಟಿದ್ದ. ಕಾಳು ನೋಡಲು ಇಡಿಯಾಗಿತ್ತು, ನಾಲಿಗೆಗೆ ತಾಕಿದ್ದೇ ಕರಗಿತು. ಸಿಪ್ಪೆ ಸಮೇತ ಬೆಂದ ಇಡೀ ಬೆಳ್ಳುಳ್ಳಿ ಗಡ್ಡೆ. ಕಂದು ಬಣ್ಣವನ್ನೂ ದಾಟಿ ಒಂದಿಷ್ಟು ಕಪ್ಪಾದ ಈರುಳ್ಳಿ. ಎರಡನೇ ತುತ್ತಿಗೆ ಅವನ ಕೈ ನಿಂತಿತು. ಈ ಸಾರು ಅವನದೇ. ಮದುವೆಯಾದ ಹೊಸತರಲ್ಲಿ ಒಂದೇ ಕೋಣೆಯ ಮನೆ, ಬೆಳ್ಳುಳ್ಳಿ ಸುಲಿಯಲು ಪುರುಸೊತ್ತಿಲ್ಲದೆ ಇಡೀ ಗಡ್ಡೆಯನ್ನೇ ಸಾರಿಗೆ ಹಾಕುತ್ತಿದ್ದವನು ಅವನು.

"ಇದನ್ನ ಯಾರು ಹೇಳಿಕೊಟ್ರು ನಿಂಗೆ?"

"ಅಕ್ಕ."

"ಯಾವ ಅಕ್ಕ?"

"ನಿಮ್ಮ ಮನೆಯೋರು." ಕಡ್ಡಿ ಎದುರು ಕುರ್ಚಿಗೆ ಬಂದು ಕೂತ. "ಅಂಗಡಿ ಹಾಕ್ದಾಗ ನನ್ ಕಾಳು ಜಲ್ಲಿಕಲ್ಲು ಇದ್ದಂಗಿತ್ತು. ಅಕ್ಕ ತಿಂದು ನೋಡಿ, ನಮ್ಮ ಯಜಮಾನ್ರು ಮೊದ್ಲು ಹೀಗೆ ಮಾಡ್ತಿದ್ರು ಅಂತ ಹೇಳಿಕೊಟ್ರು. ಬೆಳಿಗ್ಗೆ ಆರಕ್ಕೆ ಸಣ್ಣ ಉರೀಲಿ ಇಡು, ಮಧ್ಯಾಹ್ನ ಒಂದರ ತನಕ ಮುಚ್ಚಳ ಮುಟ್ಬೇಡ. ಅಷ್ಟೇ."

ಬೆಟ್ಟದ ಮೇಲಿನ ನೀರು ಸೋಮಾರಿ ನೀರು. ಬೇಗ ಕುದಿಯುತ್ತದೆ, ಆದರೆ ಬೇಯಿಸುವುದಿಲ್ಲ. ಕೆಳಗಿನ ಊರಿನಲ್ಲಿ ಮೂರು ಗಂಟೆಗೆ ಬೇಯುವ ಕಾಳಿಗೆ ಇಲ್ಲಿ ಏಳು ಗಂಟೆ ಬೇಕು. ನಲವತ್ತು ಕುರ್ಚಿ ಅಷ್ಟು ಹೊತ್ತು ಕಾಯುತ್ತವೆಯೇ? ಅದಕ್ಕೇ ಸೌಟಣ್ಣ ನಾಲ್ಕು ದೊಡ್ಡ ಕುಕ್ಕರ್ ತಂದದ್ದು, ಕಾಳಿಗೆ ಬೆಣ್ಣೆ ಸುರಿದು, ಸಕ್ಕರೆ ಚಿಟಿಕೆ ಹಾಕಿ ಪ್ರವಾಸಿಗರಿಗೆ ಒಗ್ಗಿಸಿದ್ದು. ಅದರಲ್ಲಿ ತಪ್ಪೇನಿತ್ತು? ಹೊಟ್ಟೆಪಾಡು.

ತನ್ನದೇ ಅಡುಗೆಗಾಗಿ ಅವಳು ಇಲ್ಲಿಗೆ ಬರುತ್ತಾಳೆ ಎಂದು ತಿಳಿದ ಮೇಲೆ ಅವನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ತನ್ನ ಅಂಗಿಯನ್ನು ಇನ್ನೊಬ್ಬ ತೊಟ್ಟು, ಅದು ಅವನಿಗೇ ಚೆನ್ನಾಗಿ ಒಪ್ಪಿದರೆ ಸಂತೋಷ ಯಾರಿಗಾಗುತ್ತದೆ?

"ತಿಂದು ಏನಂತಾಳೆ?" ಕೇಳಬಾರದು ಅಂದುಕೊಂಡೇ ಕೇಳಿದ.

"ಬಂದಿದೆ, ಪೂರ್ತಿ ಬಂದಿಲ್ಲ, ಅವರ ಕೈ ಇದಲ್ಲ ಅಂತಿದ್ರು. ನಾಲ್ಕು ವರ್ಷದಿಂದ ಅದೇ ಮಾತು." ಕಡ್ಡಿ ಮೊದಲ ಬಾರಿಗೆ ನಕ್ಕ. "ಈ ವಾರ ಮಾತ್ರ ಏನೂ ಅನ್ಲಿಲ್ಲ. ಸುಮ್ನೆ ಬೆರಳು ಚೀಪಿದ್ರು."

ಸೌಟಣ್ಣ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಅರ್ಧಕ್ಕೇ ಬಿಟ್ಟದ್ದಕ್ಕೆ ಮನೆಗೆ ಹೋಗುವ ತನಕ ಹೊಟ್ಟೆ ಉರಿಯಿತು, ಅಷ್ಟು ರುಚಿಯಾಗಿತ್ತು ಹಾಳಾದ್ದು.

ಮರುದಿನ ಬೆಳಿಗ್ಗೆ, ಹೋಟೆಲಿಗೆ ಅಂಟಿದ ಮನೆಯಲ್ಲಿ ಹೆಂಡತಿ ಸ್ವೆಟರಿನ ಗುಂಡಿ ಹಾಕುತ್ತಿದ್ದಾಗ, "ಮಧ್ಯಾಹ್ನ ಹೋಟೆಲಲ್ಲೇ ಊಟ," ಅಂದ. ಅವಳು ಅವನನ್ನು ಒಂದು ಕ್ಷಣ ನೋಡಿ "ಆಯ್ತು" ಅಂದಳು. ಅಷ್ಟರಲ್ಲಾಗಲೇ ಹೋಟೆಲಿನ ಹಿಂದಿನ ಒಲೆಯ ಮೇಲೆ ಇಬ್ಬರಿಗಾಗುವಷ್ಟು ಕಾಳು ಕೂತಿತ್ತು, ಸಣ್ಣ ಉರಿಯಲ್ಲಿ, ಇಡೀ ಬೆಳ್ಳುಳ್ಳಿ ಸಮೇತ. ಬೆಣ್ಣೆಯಿಲ್ಲ, ಸಕ್ಕರೆಯಿಲ್ಲ. ನಿನ್ನೆ ಮೊನ್ನೆಯ ಡ್ರೈವರ್ ಮಾಡಿದ್ದನ್ನು ಆ ಸಾರನ್ನೇ ಹುಟ್ಟಿಸಿದವನು ಮಾಡಲಾರನೇ?

ಏಳೂವರೆಗೆ ಬೆಂದಿದೆಯೇ ಎಂದು ನೋಡಿದ. ಎಂಟಕ್ಕೆ ನೀರು ಸಾಲದೇನೋ ಎಂದು ನೋಡಿದ. ಎಂಟೂ ಮುಕ್ಕಾಲಿಗೆ ಸುಮ್ಮನೆ ನೋಡಿದ. ಆಮೇಲೆ ಕುಕ್ಕರುಗಳು ಕೂಗಿದಾಗಲೆಲ್ಲ ಹಿಂದೆ ಓಡಿ ಒಮ್ಮೆ ಇಣುಕುವುದೇ ಆಯಿತು. ಕಡ್ಡಿಯದು ಇಷ್ಟು ಹೊತ್ತಿಗೆ ಎಲ್ಲಿಗೆ ಬಂದಿರಬಹುದು? ಅವನ ಕಾಳು ಬಿರಿದಿರುತ್ತದೆಯೇ? ತನ್ನದು ಹಿಂದೆ ಬಿತ್ತೇ?

ಒಂದಕ್ಕೆ ಸರಿಯಾಗಿ ಅವಳು ಬಂದಳು. ಅಡುಗೆಮನೆಯ ಬೆಂಚಿನ ಮೇಲೆ ಕೂತು ತಟ್ಟೆ ನೋಡಿದಳು. ಬೆಳ್ಳುಳ್ಳಿ ಗಡ್ಡೆಯನ್ನು ಕಂಡು ಅವಳ ಮುಖ ಒಂದಿಷ್ಟು ಅರಳಿತು, ಅದನ್ನು ಅವನು ಕಣ್ಣಾರೆ ಕಂಡ. ಚಮಚ ಬದಿಗಿಟ್ಟು ಕೈಯಲ್ಲೇ ಒಂದು ತುತ್ತು ತಿಂದಳು. ಇನ್ನೊಂದು ತುತ್ತು ತಿಂದಳು. ಆಮೇಲೆ ಕೈ ಒರೆಸಿಕೊಂಡು ಚಮಚ ತೆಗೆದುಕೊಂಡಳು.

"ಚೆನ್ನಾಗಿದೆ."

"ನಿಜ ಹೇಳೇ, ನಿನ್ನ ದಮ್ಮಯ್ಯ."

"ಮುಚ್ಚಳ ಎಷ್ಟು ಸಲ ತೆಗೆದ್ರಿ?"

"ಒಂದೆರಡು ಸಲ."

ಅವಳು ಚಮಚ ಕೆಳಗಿಟ್ಟಳು.

"ಹನ್ನೊಂದು," ಅಂದ.

"ಕಡ್ಡಿ ತೆಗೆಯೋದೇ ಇಲ್ಲ," ಅಂದಳು. "ಅವನಿಗೆ ಅಡುಗೆ ಗೊತ್ತಿಲ್ಲವಲ್ಲ, ಹೇಳಿದ್ದನ್ನ ನಂಬ್ಕೊಂಡು ಕೂತಿರ್ತಾನೆ. ನೀವೂ ಹಾಗೇ ಕೂರ್ತಿದ್ರಿ. ಆ ಕೋಣೇಲಿ ಒಲೆ ಮುಂದೆ ನಾವಿಬ್ರೂ ಹರಟೆ ಹೊಡೀತಾ ಕೂತ್ರೆ, ಕಾಳು ಬೇಯ್ತಿದೆ ಅನ್ನೋದೇ ಮರೆತುಹೋಗ್ತಿತ್ತು."

"ಹಾಗಾದ್ರೆ ಅವನತ್ರಾನೇ ಹೋಗು! ದಿನಾ ಹೋಗ್ತೀಯಲ್ಲ, ಇವತ್ತೂ ಹೋಗು! ನನ್ನ ಅಡುಗೆ ಊರೆಲ್ಲ ತಿನ್ನುತ್ತೆ, ನಿಂಗೆ ಮಾತ್ರ ಗಂಟಲಲ್ಲಿ ಇಳಿಯಲ್ಲ! ನನ್ನ ಹೊಟ್ಟೆ ಎಷ್ಟು ಉರೀತಿದೆ ಗೊತ್ತಾ ನಿಂಗೆ?" ಎಂಟು ವರ್ಷದ ಕುಕ್ಕರು ಒಟ್ಟಿಗೇ ಕೂಗಿದ ಹಾಗೆ ಕೂಗಿದ. ಹೊರಗೆ ಕುರ್ಚಿಗಳ ಸದ್ದು ನಿಂತಿತು.

ಅವಳು ಎದ್ದು ಶಾಲು ಹೊದ್ದುಕೊಂಡಳು. "ಹೋಗ್ತೀನಿ, ಹಸಿವಾಗಿದೆ," ಅಂದಳು. ಬಾಗಿಲಲ್ಲಿ ನಿಂತು, "ಬರ್ತೀರಾ?" ಅಂದಳು.

ನಲವತ್ತು ಕುರ್ಚಿಯೂ ತುಂಬಿದ್ದವು. ಸೌಟಣ್ಣ ಸೌಟನ್ನು ಎರಡನೇ ಅಡುಗೆಯವನ ಕೈಗೆ ತುರುಕಿ ಅವಳ ಹಿಂದೆ ನಡೆದ. ನಲವತ್ತನೇ ಮೆಟ್ಟಿಲಿಗೆ ಅವನಿಗೆ ಏದುಸಿರು ಬಂತು. ಮಂಡಿ ನೋವಿನವಳು ಮೇಲೆ ಮುಟ್ಟಿಯಾಗಿತ್ತು.

ಸೌಟಣ್ಣ ಏಪ್ರನ್ನು ಬಿಚ್ಚಿ ಹೊರಗಿನ ಮೊಳೆಗೆ ತೂಗುಹಾಕಿದ. ಕಿಟಕಿ ಪಕ್ಕದ ಮೇಜಿನಲ್ಲಿ ಇಬ್ಬರೂ ಎದುರುಬದುರು ಕೂತರು. ಕಡ್ಡಿ ಎರಡು ತಟ್ಟೆ ತಂದಿಟ್ಟು ಒಲೆಯ ಹತ್ತಿರ ಹೋಗಿ ನಿಂತ. ಅವಳು ಕಿಟಕಿಯಾಚೆಯ ಬೆಟ್ಟ ನೋಡುತ್ತ, ಆತುರವಿಲ್ಲದೆ, ಒಂದು ಕಾಳೂ ಬಿಡದೆ ಉಂಡಳು. ಕೊನೆಗೆ ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಚೀಪಿದಳು. ಸೌಟಣ್ಣ ಪ್ರತಿಯೊಂದು ಬೆರಳನ್ನೂ ನೋಡಿದ. ಹೊಟ್ಟೆ ಉರಿಯುತ್ತಿತ್ತು, ಕಣ್ಣು ತೆಗೆಯಲೂ ಆಗುತ್ತಿರಲಿಲ್ಲ. ಇವಳು ಉಣ್ಣುವುದನ್ನು ಹೀಗೆ ಎದುರಿಗೆ ಕೂತು ನೋಡಿ ಎಷ್ಟು ವರ್ಷವಾಗಿತ್ತು?

"ಏಯ್ ಕಡ್ಡಿ," ಅಂದ. "ನಾಳೆ ಬೆಳಿಗ್ಗೆ ಆರಕ್ಕೆ ಬರ್ತೀನಿ. ಮುಚ್ಚಳ ಮುಟ್ಟದೆ ಕೂರೋದು ಹೇಗೆ ಅಂತ ತೋರ್ಸು."

ಕಡ್ಡಿ ಒಲೆಯ ಹತ್ತಿರದಿಂದಲೇ ಅವಳ ಮುಖ ನೋಡಿದ. "ಏನಕ್ಕ?"

ಅವಳು ಕಿರುಬೆರಳನ್ನು ಬಾಯಿಂದ ತೆಗೆದಳು.

"ಬರ್ಲಿ ಬಿಡು," ಅಂದಳು. "ಒಲೆಯಿಂದ ದೂರ ಕೂರ್ಸು."