ಗಿರಣಿ ನಿಂತ ದಿನದ ಮುಖ

ಕಪಾಟನ್ನು ಯಾವ ಗೋಡೆಗೆ ಆನಿಸಬೇಕೆಂಬ ಗಂಡ ಹೆಂಡತಿಯ ಜಗಳ ಇನ್ನೂ ಇತ್ಯರ್ಥವಾಗಿರಲಿಲ್ಲ, ಅಷ್ಟರಲ್ಲಿ ಗೇಟಿನ ಚಿಲಕ ಸರಿಯಿತು. ಬಂದವರು ಪಕ್ಕದ ಮನೆಯ ಹೆಂಗಸು. ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು, ಬೀದಿಗೆಲ್ಲ ‘ಮೇಡಂ’. ಚಪ್ಪಲಿಯನ್ನು ಸದ್ದಾಗದಂತೆ ಬಿಟ್ಟು, ಬಾಗಿಲಲ್ಲೇ ನಿಂತು, ಮಕ್ಕಳ ತಂಟೆಗಳಿಗೆ ತೀರ್ಪು ಕೊಟ್ಟು ರೂಢಿಯಿದ್ದ ಮೃದು ದನಿಯಲ್ಲಿ ಹೇಳಿದರು:

"ಉತ್ತರದ ಗೋಡೆ ಬೇಡಮ್ಮ, ಮಳೆಗಾಲದಲ್ಲಿ ತೇವ ಹಿಡಿಯುತ್ತೆ. ಕಪಾಟಿನ ವಿಷಯದಲ್ಲಿ ನಿಮ್ಮ ಯಜಮಾನರು ಹೇಳಿದ್ದೇ ಸರಿ. ಅವರ ಅಕ್ಕನ ವಿಷಯದಲ್ಲಿ ಮಾತ್ರ ನೀವು ಹೇಳಿದ್ದು ಸರಿ."

ಹೊಸ ಮನೆಯೊಡತಿ ಗಿರಣಿಯಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮನೆಗೆ ಬಂದು ಒಂದು ಹಗಲು ಕಳೆದಿಲ್ಲ, ಗಂಡನ ಅಕ್ಕನ ಜಿಪುಣತನ ಬೀದಿಯ ಕೊನೆಯ ಮನೆಯವರೆಗೂ ತಲುಪಿಯಾಗಿತ್ತು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರೆ. ಇಲ್ಲಿ ಇನ್ನೂ ಒಲೆ ಹೂಡುವ ಮೊದಲೇ ಮಾತು ತನ್ನ ಕೆಲಸ ಮುಗಿಸಿತ್ತು.

ತಪ್ಪು ಪೂರ್ತಿ ಅವರದೂ ಅಲ್ಲ. ಮದುವೆಯಾದಾಗಿನಿಂದ ಗಂಡ ಹೆಂಡತಿ ಇಬ್ಬರೂ ಬದುಕಿದ್ದು ಪೇಟೆಯ ಹಿಟ್ಟಿನ ಗಿರಣಿಯ ಮಾಳಿಗೆಯ ಮೇಲೆ. ಕೆಳಗೆ ಬೆಳಗಿನಿಂದ ಕತ್ತಲಾಗುವವರೆಗೂ ಕಲ್ಲು ತಿರುಗುತ್ತಿತ್ತು. ಅದು ನಿಂತರೆ ಲಾರಿಗಳ ಸರದಿ. ತಟ್ಟೆ ಲೋಟಗಳು ಗೂಡಿನಲ್ಲಿ ತಮ್ಮಷ್ಟಕ್ಕೆ ತಾವೇ ಕುಣಿಯುತ್ತಿದ್ದವು. ಕಿರುಚಿದರೂ ಅರ್ಧ ಮಾತು ಮಾತ್ರ ಮುಟ್ಟುವ ಜಾಗ ಅದು. ಹಾಗಾಗಿ ಗಿರಣಿಯವರು ಯಾರೂ ಬೆನ್ನ ಹಿಂದಿನಿಂದ ಮಾತಾಡುವುದಿಲ್ಲ. ಭುಜ ತಟ್ಟಿ, ಎದುರಿಗೆ ನಿಂತು, ತುಟಿ ಬಿಡಿಸಿ ಹೇಳಬೇಕು. ಉಳಿದದ್ದಕ್ಕೆ ಕೈಸನ್ನೆ. ಬೆರಳು ಉಜ್ಜಿದರೆ ನುಣ್ಣಗೆ, ಮುಷ್ಟಿ ತಿರುವಿದರೆ ತರಿ, ಅಂಗೈಯನ್ನು ಗಾಳಿಯಲ್ಲಿ ಮೆಲ್ಲಗೆ ಕೆಳಗಿಳಿಸಿದರೆ ಕಲ್ಲು ನಿಂತಿತು ಅಂತ. ಈ ಭಾಷೆಯಲ್ಲೇ ಅವರು ಪ್ರೀತಿ ಮಾಡಿದ್ದರು, ಮುನಿಸಿಕೊಂಡಿದ್ದರು, ಮಗಳ ಮದುವೆಯ ಮಾತುಕತೆಯನ್ನೂ ಮುಗಿಸಿದ್ದರು.

ಗಿರಣಿ ಮಾರಿ, ಊರಿನಲ್ಲಿ ಎಲ್ಲಕ್ಕಿಂತ ಸದ್ದಿಲ್ಲದ ಈ ಬಡಾವಣೆಯಲ್ಲಿ ಮನೆ ಕೊಂಡವನು ಗಂಡನೇ. ಯಾಕೆಂದು ಕೇಳಿದ್ದಕ್ಕೆ, "ಹಿಟ್ಟು ಕುಡಿದಿದ್ದು ಸಾಕು ಕಣೇ" ಅಂದಿದ್ದ, ಅಷ್ಟೇ.

ಮೊದಲ ಬೆಳಗ್ಗೆ ಎಚ್ಚರವಾದಾಗ ಅವಳಿಗೆ ತನ್ನ ಜೀವವೇ ನಿಂತುಹೋದಂತಾಗಿ ಧಡಕ್ಕನೆ ಎದ್ದು ಕುಳಿತಳು. ಆಮೇಲೆ ಒಂದೊಂದಾಗಿ ಕೇಳಿಸತೊಡಗಿತು. ಕಿಟಕಿಯ ಮೇಲಿನ ತಗಡಿನ ಮೇಲೆ ಗುಬ್ಬಿ ನಡೆದದ್ದು. ಹೌದು, ಹಾರಿದ್ದಲ್ಲ, ನಡೆದದ್ದು. ಪಕ್ಕದ ಮನೆಯ ಜಗಲಿಯಲ್ಲಿ ಮೇಡಂ ಪುಸ್ತಕದ ಹಾಳೆ ತಿರುವಿದ್ದು. ಗಿಡದ ಬುಡಕ್ಕೆ ನೀರು ಹಾಕಿದರೆ ಮಣ್ಣು ಅದನ್ನು ಕುಡಿಯುವುದೂ ಕೇಳಿಸುತ್ತಿತ್ತು. ತನ್ನ ಹೆಜ್ಜೆಗೂ ಒಂದು ಸದ್ದಿದೆ ಎನ್ನುವುದು ಅವಳಿಗೆ ಈ ವಯಸ್ಸಿನಲ್ಲಿ ಗೊತ್ತಾಯಿತು. ಗೊತ್ತಾಗಿ, ನಡುಮನೆಯ ಉದ್ದಕ್ಕೂ ಬರಿಗಾಲಲ್ಲಿ ಸುಮ್ಮಸುಮ್ಮನೆ ಎರಡು ಸಲ ನಡೆದು ನೋಡಿದಳು. ಜಗತ್ತು ಇಷ್ಟೂ ದಿನ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿತ್ತು ಅಂತ ಅಚ್ಚರಿಯಿಂದ ಕಣ್ಣು ತುಂಬಿ ಬಂತು.

ಬೀದಿಯೂ ಹಾಗೇ ಇತ್ತು. ಅಗಲ ರಸ್ತೆ, ಎರಡೂ ಬದಿ ದೊಡ್ಡ ಮರಗಳು, ಎತ್ತರದ ಕಾಂಪೌಂಡುಗಳು. ಕಾರುಗಳು ಕಳ್ಳಬೆಕ್ಕಿನ ಹಾಗೆ ಹೋಗುತ್ತಿದ್ದವು. ಇಲ್ಲಿನ ನಾಯಿಗಳು ಕೂಡ ಓದಿದ ನಾಯಿಗಳು, ಬೊಗಳುವ ಮೊದಲು ಯೋಚನೆ ಮಾಡುತ್ತವೆ ಅಂತ ಅವಳು ತಂಗಿಗೆ ಫೋನಿನಲ್ಲಿ ಹೇಳಿ ನಕ್ಕಳು. ಅದೂ ಪಿಸುದನಿಯಲ್ಲಿ.

ಪಿಸುಮಾತನ್ನು ಅವಳು ಹಟ ಹಿಡಿದು ಕಲಿತಳು. ಮೇಡಂ ಎದುರು ಇನ್ನೊಮ್ಮೆ ಮಾನ ಕಳೆದುಕೊಳ್ಳಲು ಅವಳು ತಯಾರಿರಲಿಲ್ಲ. ಗಂಡ ಬಾಯಿ ತೆರೆದಾಗಲೆಲ್ಲ ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಗೆ ರೀ" ಅನ್ನುತ್ತಿದ್ದಳು. ಅವನೂ ಪ್ರಯತ್ನಿಸಿದ. ಆದರೆ ಅವನ ದನಿಗೆ ಎರಡೇ ಗೇರು, ಒಂದೋ ಗುಡುಗು, ಇಲ್ಲವೇ ಬರೀ ಉಸಿರು. ಉಪ್ಪು ಕೊಡು ಅಂದರೆ ಎದುರುಮನೆಯವರೂ ಉಪ್ಪಿನ ಡಬ್ಬಿ ಹುಡುಕಬೇಕು, ಹಾಗಿತ್ತು. ಬರಬರುತ್ತ ಅವನು ಮಾತನ್ನೇ ಕಡಿಮೆ ಮಾಡಿದ. ಆಮೇಲೆ ಉತ್ತರ ಕೊಡುವುದನ್ನೂ.

ಅಡುಗೆಮನೆಯಿಂದ, "ರೀ, ಟೀ ಮಾಡ್ಲಾ?" ಎಂದರೆ ಉತ್ತರವಿಲ್ಲ. ಮಹಡಿಯಿಂದ ಕರೆದರೆ ಉತ್ತರವಿಲ್ಲ. ಬಾಗಿಲ ಗಂಟೆ ಬಾರಿಸಿದರೆ ಎರಡೇ ಹೆಜ್ಜೆ ದೂರದಲ್ಲಿ ಕೂತವನು ಮಹಾರಾಜನ ಹಾಗೆ ಕೂತೇ ಇರುತ್ತಿದ್ದ. ಮೌನಂ ಸಮ್ಮತಿ ಲಕ್ಷಣಂ ಅಂತ ಮೊದಮೊದಲು ಟೀ ಮಾಡಿಯೇ ತಂದಳು. ಒಂದು ದಿನ ಬಟ್ಟೆ ಒಗೆಯುವ ಮೆಷಿನ್ನು ತಿರುಗುತ್ತಿದ್ದಾಗ ಅವನು ಅದರ ಮೇಲೆ ಅಂಗೈ ಊರಿ ನಿಂತಿದ್ದನ್ನು ಕಂಡಳು. ಗಿರಣಿಯ ಕಲ್ಲಿನ ಹದ ನೋಡಲು ಅವನು ಹೀಗೇ ನಿಲ್ಲುತ್ತಿದ್ದ. ಮೆಷಿನ್ನು ನಿಂತ ಮೇಲೂ ಕೈ ತೆಗೆಯಲಿಲ್ಲ.

"ಭಾವ ಒಳಗೊಳಗೇ ಕೊರಗ್ತಿದಾರೆ ಅಕ್ಕ," ಎಂದಳು ತಂಗಿ ಫೋನಿನಲ್ಲಿ. "ದುಡಿಯೋ ಗಂಡಸನ್ನ ಕೆಲಸದಿಂದ ಕಿತ್ತು ತಂದ್ರೆ ಬೇರು ಸಮೇತ ಕಿತ್ತ ಹಾಗೆ. ಗಿರಣಿ ತಗೊಂಡವರು ಮಾಳಿಗೆ ಮನೇನ ಇನ್ನೂ ಖಾಲಿ ಇಟ್ಟಿದಾರಂತೆ. ಇದನ್ನ ಮಾರಿ ಅಲ್ಲಿಗೇ ಬಂದುಬಿಡಿ. ಮನೆ ದೊಡ್ಡದೋ ಮನುಷ್ಯ ದೊಡ್ಡವನೋ?"

ಪ್ರಶ್ನೆಗೆ ಉತ್ತರ ಗೊತ್ತಿತ್ತು. ಗೊತ್ತಿದ್ದದ್ದೇ ಕಷ್ಟ. ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಗುಬ್ಬಿಯ ನಡಿಗೆ ಕೇಳಿಸಿಕೊಂಡ ಕಿವಿಯನ್ನು ಮತ್ತೆ ಆ ಕಲ್ಲಿನ ಕೆಳಗೆ ಇಡುವುದು ಹೇಗೆ? ಆದರೆ ಈ ಸುಖಕ್ಕೆ ಗಂಡನನ್ನು ತೆತ್ತು ಕೂರುವುದು ಅವಳಿಂದ ಆಗದು. ಎರಡು ದಿನ ಅತ್ತಳು, ಅದನ್ನೂ ಸದ್ದಿಲ್ಲದೆ. ಮೂರನೆಯ ದಿನ ಮಧ್ಯಾಹ್ನ ಮನಸ್ಸು ಗಟ್ಟಿ ಮಾಡಿಕೊಂಡು ತೋಟಕ್ಕೆ ಹೋದಳು.

ಅವನು ಗೋಡೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಅವಳಿಗೆ ಬೆನ್ನು ಮಾಡಿ, ಹುಲ್ಲು ಕೀಳುತ್ತಿದ್ದ. ಕಿತ್ತ ಹುಲ್ಲು ತುಂಬಲೆಂದು ಅವಳು ಗಿರಣಿಯಿಂದ ತಂದಿದ್ದ ದೊಡ್ಡ ತಗಡಿನ ಡಬ್ಬವನ್ನು ಹಿಡಿದಿದ್ದಳು. ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ. ಬೆನ್ನಿಗೇ ಹೇಳಿದಳು, ತಾನು ಕಲಿತ ಅತಿ ನಯವಾದ ದನಿಯಲ್ಲಿ.

"ರೀ, ಒಂದು ಮಾತು. ನಿಮಗೆ ಇಲ್ಲಿ ಒಗ್ತಿಲ್ಲ, ಗೊತ್ತು ನಂಗೆ. ಬಾಯಿ ಬಿಟ್ಟು ಹೇಳಲ್ಲ ನೀವು. ನಾನೇ ಹೇಳ್ತೀನಿ, ವಾಪಸ್ ಹೋಗೋಣ. ಈ ಮನೆ ಅಂದ್ರೆ ನಂಗೆ ಪ್ರಾಣ. ಸುಳ್ಳು ಹೇಳಲ್ಲ. ಆದ್ರೆ ನೀವು ಮಾತಾಡದ ಮನೆ ನಂಗೆ ಬೇಡ. ಅಲ್ಲಿ ಆ ಗದ್ದಲದಲ್ಲೂ ನೀವು ನನ್ನ ಜೊತೆ ಮಾತಾಡ್ತಿದ್ರಿ."

ಅವನು ಒಂದು ಹುಲ್ಲು ಕಿತ್ತ. ಬೇರಿನ ಮಣ್ಣು ಕೊಡವಿದ. ಇನ್ನೊಂದಕ್ಕೆ ಕೈ ಹಾಕಿದ.

ಗೋಡೆಯಾಚೆ ಮೇಡಂ ಪುಸ್ತಕದ ಹಾಳೆ ತಿರುವುವುದು ನಿಂತಿತ್ತು. ಅದು ಗಿರಣಿಯಮ್ಮನಿಗೆ ಸ್ಪಷ್ಟವಾಗಿ ಕೇಳಿಸಿತು. ಹೊರಗಿನವರ ಮನಸ್ಸು ಕೂಡ ಕರಗುವ ಮಾತಿಗೆ ಈ ಮನುಷ್ಯ ಅಲುಗಾಡಲಿಲ್ಲ! ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ! ಪ್ರಾಣಕ್ಕೆ ಸಮನಾದದ್ದನ್ನು ಬಿಟ್ಟುಕೊಡುತ್ತೇನೆ ಅಂದರೂ ಒಂದು ‘ಹೂಂ’ ಇಲ್ಲ. ಅವಳ ಎದೆಯಲ್ಲಿ ಇಷ್ಟು ದಿನ ಅದುಮಿಟ್ಟಿದ್ದ ಇಡೀ ಗಿರಣಿ ಒಮ್ಮೆಲೇ ತಿರುಗಿತು. ಡಬ್ಬವನ್ನು ತಲೆಯ ಮಟ್ಟಕ್ಕೆ ಎತ್ತಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಪ್ಪಳಿಸಿದಳು.

ಆ ಬಡಾವಣೆ ಹುಟ್ಟಿದಾಗಿನಿಂದ ಅಂಥ ಸದ್ದು ಕೇಳಿರಲಿಲ್ಲ. ಯೋಚನೆ ಮಾಡದೆ ನಾಯಿಗಳೆಲ್ಲ ಬೊಗಳಿದವು. ಎದುರುಮನೆಯ ಎರಡು ಕಿಟಕಿ ತೆರೆದವು. ಗೋಡೆಯಾಚೆ ಪುಸ್ತಕ ಬಿದ್ದಿತು. ಮರಗಳಲ್ಲಿದ್ದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ಆಕಾಶಕ್ಕೆ ಚೆಲ್ಲಿಕೊಂಡವು.

ಗಂಡ ಹುಲ್ಲು ಕೀಳುತ್ತಿದ್ದ. ಹಕ್ಕಿಗಳ ನೆರಳು ಮಣ್ಣಿನ ಮೇಲೆ ಹರಿದು ಹೋದಾಗ ತಲೆ ಎತ್ತಿ ಆಕಾಶ ನೋಡಿದ. ಹುಬ್ಬು ಗಂಟಿಕ್ಕಿ, ಅವು ಸುತ್ತು ಹಾಕುವುದನ್ನು ಕುತೂಹಲದಿಂದ ನೋಡಿದ. ಆಮೇಲೆ, ಹೆಂಡತಿಯೂ ಇದನ್ನು ನೋಡಬೇಕಿತ್ತು ಅನ್ನುವವನಂತೆ ತಿರುಗಿದ. ಅವಳು ಹಿಂದೆಯೇ ನಿಂತಿದ್ದು ಕಂಡು ಮುಖ ಅರಳಿತು. ಉಸಿರಿನಷ್ಟೇ ದನಿಯಲ್ಲಿ ಕೇಳಿದ:

"ನೋಡಿದ್ಯಾ? ಏನಾಯ್ತೇ ಅವಕ್ಕೆ, ಎಲ್ಲಾ ಒಟ್ಟಿಗೆ ಎದ್ದುಬಿಟ್ವು?"

ಅವಳ ಕಾಲ ಬಳಿ ಡಬ್ಬ ಇನ್ನೂ ಉರುಳುತ್ತಿತ್ತು.

ಅವಳು ಬಹಳ ಹೊತ್ತು ಅವನ ಮುಖ ನೋಡಿದಳು. ಟೀ, ಬಾಗಿಲ ಗಂಟೆ, ಮೆಷಿನ್ನಿನ ಮೇಲಿನ ಅಂಗೈ, ಫೋನು ಬಂದಾಗಲೆಲ್ಲ ‘ನಿನ್ನ ತಂಗಿ, ನೀನೇ ಮಾತಾಡು’ ಅಂತ ಜಾರಿಕೊಳ್ಳುತ್ತಿದ್ದದ್ದು, ಒಂದೊಂದೇ ಬಂದು ಸಾಲಾಗಿ ನಿಂತವು. ಬಗ್ಗಿ ಅವನೆದುರು ಕುಳಿತಳು. ದನಿಯ ಒಂದೆಳೆಯನ್ನೂ ಸೇರಿಸದೆ, ತುಟಿ ಮಾತ್ರ ಬಿಡಿಸಿ ಕೇಳಿದಳು:

"ಎಷ್ಟು ದಿನ ಆಯ್ತು?"

ತಟ್ಟನೆ ಅರ್ಥವಾಯಿತು ಅವನಿಗೆ. ಸಿಕ್ಕಿಬಿದ್ದ ಕಳ್ಳನ ಹಾಗೆ ಕೈಯ ಮಣ್ಣು ನೋಡಿಕೊಂಡ. ಆಮೇಲೆ ಮೆಲ್ಲಗೆ ಮಾತಾಡಬೇಕೆಂಬುದನ್ನೇ ಮರೆತು, ಗಿರಣಿಯ ಗಂಟಲು ತೆರೆದ.

"ದಿನಾನಾ? ವರ್ಷಗಳೇ ಆಗೋದ್ವು ಕಣೇ! ಮಗಳು ಇನ್ನೂ ಶಾಲೆಗೆ ಹೋಗ್ತಿದ್ಲು!"

"ನಂಗ್ಯಾಕೆ ಹೇಳ್ಲಿಲ್ಲ?" ಎಂದವು ತುಟಿಗಳು.

"ಗಿರಣೀಲಿ ಕಿವಿ ಯಾರಿಗೆ ಬೇಕಿತ್ತು? ನಿನ್ನ ಮುಖ ಕಾಣ್ತಿತ್ತು, ಸಾಕಾಗಿತ್ತು! ಇಲ್ಲಿಗೆ ಬಂದ್ಮೇಲೆ ನೀನು ಗೋಡೆ ಹಿಂದಿಂದ ಮಾತಾಡೋಕೆ ಶುರು ಮಾಡ್ದೆ!"

ಬೀದಿಗೆ ಕೇಳಿಸುತ್ತಿದ್ದದ್ದು ಅರ್ಧ ಜಗಳ ಮಾತ್ರ. ತೆರೆದ ಕಿಟಕಿಗಳು ಉಳಿದರ್ಧಕ್ಕಾಗಿ ಕಾದೇ ಕಾದವು. ಗಿರಣಿಯಮ್ಮ ತುಟಿಯ ಮೇಲೆ ಬೆರಳಿಡಲಿಲ್ಲ. ಕೇಳಲಿ, ಇಡೀ ಊರು ಬೇಕಾದರೂ ಕೇಳಲಿ. ಅವಳು ಕೇಳಬೇಕಾದದ್ದು ಇನ್ನೊಂದಿತ್ತು. ತುಟಿ ನಡುಗುತ್ತಿದ್ದರಿಂದ ಎರಡು ಸಲ ಹೇಳಬೇಕಾಯಿತು.

"ಮತ್ತೆ ಈ ಮನೆ ಯಾಕೆ ತಗೊಂಡ್ರಿ? ಸದ್ದೂ ಒಂದೇ, ಸದ್ದಿಲ್ಲದ್ದೂ ಒಂದೇ ನಿಮಗೆ."

ಹಕ್ಕಿಗಳು ಒಂದೊಂದಾಗಿ ಮರಕ್ಕೆ ಮರಳುತ್ತಿದ್ದವು.

"ಒಂದ್ಸಲ ಬೆಲ್ಟು ಹರಿದು ಗಿರಣಿ ನಿಂತುಹೋಗಿತ್ತು, ನೆನಪಿದ್ಯಾ? ಮದುವೆ ಹೊಸದು. ಲಾರಿ ಓಡಾಟಾನೂ ಇರ್ಲಿಲ್ಲ ಅವತ್ತು. ನೀನು ಮೆಟ್ಟಿಲು ಇಳಿದು ಬರ್ತಿದ್ದೋಳು ಅರ್ಧದಲ್ಲೇ ನಿಂತೆ. ಕಣ್ಣು ಮುಚ್ಕೊಂಡೆ. ನಾನು ಕೆಳಗಿಂದ ನೋಡ್ತಿದ್ದೆ. ಆ ಮುಖ ಅದಕ್ಕೆ ಮೊದ್ಲು ನೋಡಿರ್ಲಿಲ್ಲ ನಾನು. ಬೆಲ್ಟು ಹಾಕಿದ್ದೇ ತಡ, ಹೋಯ್ತು." ಅವನು ಪಂಚೆಗೆ ಮಣ್ಣಿನ ಕೈ ಒರೆಸಿಕೊಂಡ. "ಕೈಲಾದಾಗ ಆ ಮುಖಾನ ವಾಪಸ್ ತರ್ಬೇಕು ಅಂತಿತ್ತು. ಅದಕ್ಕೇ ತಗೊಂಡೆ. ಈಗ ನಡುಮನೇಲಿ ಬರಿಗಾಲಲ್ಲಿ ಓಡಾಡ್ತೀಯಲ್ಲ, ಅವಾಗ ಬರುತ್ತೆ."

ಬೆಲ್ಟು ಹರಿದ ದಿನವನ್ನು ಗಿರಣಿಯಮ್ಮ ಎಂದೋ ಮರೆತಿದ್ದಳು. ಈ ಮನುಷ್ಯ ಅದನ್ನು ಇಷ್ಟು ವರ್ಷ, ಅಷ್ಟು ಗದ್ದಲದ ಮಧ್ಯೆ, ಚೂರೂ ಚೆಲ್ಲದೆ ಇಟ್ಟುಕೊಂಡಿದ್ದ. ತನ್ನ ಪಾಲಿಗೆ ಎಂದೂ ಬಾರದ ನಿಶ್ಶಬ್ದವನ್ನು ಕೊಂಡು ತಂದು ಅವಳ ಮುಂದಿಟ್ಟಿದ್ದ. ಜೊತೆಗೇ ಬಾಳಿದವನನ್ನು ಅವಳು ಹೊಸಬನನ್ನು ನೋಡುವ ಹಾಗೆ ನೋಡಿದಳು.

"ಹೇಗಿರುತ್ತೆ ಹೇಳೇ," ಎಂದ ಅವನು. ಈ ಸಲ ದನಿ ಹದವಾಗಿ ತಗ್ಗಿತ್ತು, ಹೇಗೋ. "ಇಲ್ಲಿ. ಈಗ. ಏನೇನು ಕೇಳ್ಸುತ್ತೆ?"

ಅವಳು ಕಣ್ಣೊರೆಸಿಕೊಂಡು ಕಿವಿಗೊಟ್ಟಳು. ತುಟಿಗಳಲ್ಲಿ ಒಂದೊಂದನ್ನೇ ಬಿಡಿಸಿ ಕೊಟ್ಟಳು. ಗುಬ್ಬಿ ವಾಪಸ್ ಬಂತು, ತಗಡಿನ ಮೇಲೆ ನಡೀತಿದೆ. ಮೇಡಂ ಪುಸ್ತಕ ಎತ್ಕೊಂಡ್ರು, ಮೂಗು ಒರೆಸ್ಕೊಂಡ್ರು. ದೂರದಲ್ಲಿ ಯಾರೋ ಕಿಟಕಿ ಮುಚ್ಚಿದ್ರು. ನೀವು ಕಿತ್ತ ಹುಲ್ಲಿನ ಬೇರಿಂದ ಮಣ್ಣು ಉದುರ್ತಿದೆ. ಅವನು ಅವಳ ತುಟಿಗಳನ್ನು ಬಿಟ್ಟಕಣ್ಣು ಬಿಟ್ಟಹಾಗೆ ನೋಡುತ್ತಿದ್ದ. ಮಣ್ಣಿಗೂ ಸದ್ದಿದೆ ಎಂದಾಗ ನಂಬದೆ ಬೇರನ್ನು ಕಿವಿಯ ಹತ್ತಿರ ಹಿಡಿದು ನಕ್ಕ.

ಆಮೇಲೆ ಅವಳ ತುಟಿಗಳು ನಿಂತವು.

"ಈಗ?" ಎಂದ.

ಅವಳು ಅಂಗೈಯನ್ನು ಗಾಳಿಯಲ್ಲಿ ಚಾಚಿ ಮೆಲ್ಲಗೆ, ಬಹಳ ಮೆಲ್ಲಗೆ ಕೆಳಗಿಳಿಸಿದಳು.

ಅವನು ಆ ಕೈ ಇಳಿಯುವುದನ್ನು ಕೊನೆಯವರೆಗೂ ನೋಡಿದ. ನೋಡಿ, ಕಣ್ಣು ಮುಚ್ಚಿಕೊಂಡ.