ಹನ್ನೊಂದು ನಕ್ಷೆಗಳು

ಹರಿಹರದ ಹಳೆಯ ಬಾವಿಗಳ ಬಗ್ಗೆ ಅಂಬಿಕಾ ಬರೆದ ಪಿಎಚ್.ಡಿ. ಪ್ರಬಂಧ ಎರಡನೇ ಸಲ ವಾಪಸ್ ಬಂತು. ಈ ಸಲ ಅಂಚು, ಅಕ್ಷರದ ಗಾತ್ರ ಎಲ್ಲ ಸರಿಯಿತ್ತು.

"ಕೈಯಾಗ ಬರ್ದ ನಕ್ಷೆ ನಡೆಯಲ್ರಿ. ಕಂಪ್ಯೂಟರ್‌ನಾಗ ಮಾಡಿಸ್ಕೊಂಡ್ ಬರ್ರಿ," ಎಂದರು ವಿಶ್ವವಿದ್ಯಾಲಯದ ಕಚೇರಿಯ ಗುಮಾಸ್ತರು.

ಆ ಹನ್ನೊಂದು ನಕ್ಷೆಗಳನ್ನು ಬರೆದವನು ಪರಶುರಾಮ್. ಇಬ್ಬರೂ ಒಟ್ಟಿಗೇ ಸಂಶೋಧನೆಗೆ ಸೇರಿದ್ದರು. ಒಂದು ಬೇಸಿಗೆಯಿಡೀ ಹರಿಹರದ ಓಣಿಗಳಲ್ಲಿ ಅಳತೆಪಟ್ಟಿಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ. ಆಮೇಲೆ ಅವನು ಸಂಶೋಧನೆ ಬಿಟ್ಟು ಹಾಸನದ ಶಾಲೆಯೊಂದಕ್ಕೆ ಮೇಷ್ಟ್ರಾಗಿ ಹೋದ. ಹೋಗಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಎಂ.ಸಿ.ಸಿ. ಬಡಾವಣೆಯ ಡಿಟಿಪಿ ಅಂಗಡಿಯಲ್ಲಿ ಹೊಸ ನಕ್ಷೆಗಳು ಸಂಜೆಯೊಳಗೆ ತಯಾರಾದವು. ಗೆರೆಗಳೇನೋ ನೇರವಾಗಿದ್ದವು, ಅವನ ಓರೆ ಅಕ್ಷರ ಮಾತ್ರ ಎಲ್ಲೂ ಇರಲಿಲ್ಲ. ಅವಳು ಅಲ್ಲಿಂದಲೇ ಫೋನ್ ಮಾಡಿದಳು.

"ನಿನ್ನ ನಕ್ಷೆ ತೆಗೆಸಿಬಿಟ್ರು, ಪರಶು."

"ಹೋಗ್ಲಿ ಬಿಡು. ಆ ಹಾಳೆ ಬಿಸಾಕಿಬಿಡು."

"ಬಿಸಾಕಲ್ಲ," ಎಂದಳು. ಮತ್ತೆ ಧೈರ್ಯ ಮಾಡಿ ಕೇಳಿದಳು, "ನನ್ನ ವೈವಾಕ್ಕೆ ಬರ್ತೀಯಾ?"

ಅವನೆಂದ, "ತಾರೀಕು ಹೇಳು, ಬರ್ತೀನಿ."

ಮರುದಿನ ಪ್ರಬಂಧದ ಪ್ರತಿಗಳನ್ನು ಒಪ್ಪಿಸಿದ ಅಂಬಿಕಾ ಮೊದಲು ಕೇಳಿದ್ದೇ ಆ ಮೌಖಿಕ ಪರೀಕ್ಷೆಯ ತಾರೀಕನ್ನು.

"ಏನಿಲ್ಲ ಅಂದ್ರೂ ಆರು ತಿಂಗ್ಳು ಆಗ್ತೈತ್ರಿ," ಎಂದರು ಗುಮಾಸ್ತರು.

"ಅಷ್ಟು ದಿನಾನಾ?" ಎಂದಳು ಅಂಬಿಕಾ.