ಎಂಟು ಟಿಬಿಯ ಹಗೇವು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನಿಗೆ ನಿವೃತ್ತಿಯಾದರೂ ಹೇಳಿಕೊಡುವ ಚಟ ಬಿಡುವುದಿಲ್ಲ. ಮನೆಯಲ್ಲಿ ಯಾವ ವಸ್ತು ಎಲ್ಲಿರಬೇಕು ಎಂಬುದನ್ನೂ ನಾನೇ ಹೇಳಬೇಕು. ಹೆಂಡತಿ ಸುಜಾತಾ ಇದಕ್ಕೆ ‘ನಿಮ್ಮ ಮಾಸ್ತರಕಿ’ ಅನ್ನುತ್ತಾಳೆ. ಅನ್ನಲಿ. ಸಿಂದಗಿಯ ಈ ಮನೆಯಲ್ಲಿ ಬೇಕಾದದ್ದು ಬೇಕಾದಾಗ ಕೈಗೆ ಸಿಗುತ್ತಿದ್ದರೆ ಅದು ನನ್ನಿಂದಲೇ ಎಂದು ಈ ಸಲದ ದಸರೆಯವರೆಗೂ ನಂಬಿದ್ದೆ.

ಬೇಸಿಗೆಯಲ್ಲಿ ಒಂದು ದೊಡ್ಡ ಹಾರ್ಡ್ ಡಿಸ್ಕ್ ತರಿಸಿದೆ. ಎಂಟು ಟಿಬಿ. ದಪ್ಪ ಪುಸ್ತಕದ ಗಾತ್ರ, ಕಪ್ಪು ಬಣ್ಣ, ಅದಕ್ಕೇ ಬೇರೆ ಕರೆಂಟಿನ ವೈರು, ಮುಂದೊಂದು ನೀಲಿ ದೀಪ. ಮನೆಯವರ ಮೊಬೈಲುಗಳೆಲ್ಲ ತುಂಬಿ ತೆವಳುತ್ತಿದ್ದವು. ಮಗ ಕಾಂತುವಿನ ಮದುವೆಯ ವಿಡಿಯೊ ಒಂದು ಪೆನ್‌ಡ್ರೈವಿನಲ್ಲಿ, ಫೋಟೊಗಳು ಇನ್ನೊಂದರಲ್ಲಿ, ನನ್ನ ಬೀಳ್ಕೊಡುಗೆಯ ಭಾಷಣ ಯಾರದೋ ಲ್ಯಾಪ್‌ಟಾಪಿನಲ್ಲಿ. ಎಲ್ಲವೂ ಒಂದೇ ಕಡೆ ಸೇರಬೇಕು ಎಂದು ಹಟ ಹಿಡಿದೆ. ಕನ್ನೊಳ್ಳಿಯಲ್ಲಿ ನಮ್ಮಜ್ಜನಿಗೆ ನೆಲದೊಳಗೆ ಜೋಳ ತುಂಬಿಡುವ ದೊಡ್ಡ ಹಗೇವು ಇತ್ತು. ಇದು ನನ್ನ ಹಗೇವು ಎಂದು ಎಲ್ಲರೆದುರು ಜಂಬದಿಂದ ಹೇಳಿದೆ.

ದಿನಕ್ಕೊಬ್ಬರ ಮೊಬೈಲ್ ವಸೂಲಿ ಮಾಡಿದೆ. ಒಳಗಿದ್ದದ್ದನ್ನೆಲ್ಲ ಡಿಸ್ಕಿಗೆ ಹಾಕುವುದು, ವಿಡಿಯೊ ಮತ್ತು ಧ್ವನಿಯ ಫೈಲುಗಳನ್ನು ಒಂದೊಂದಾಗಿ ತೆರೆದು ಚಾಲೂ ಆಗುತ್ತವೆಯೋ ಇಲ್ಲವೋ ನೋಡುವುದು, ಹೆಸರು, ತಾರೀಖು, ಅವಧಿಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು, ಆಮೇಲೆ ಮೊಬೈಲನ್ನು ಪೂರ್ತಿ ಖಾಲಿ ಮಾಡಿ ಮರಳಿ ಕೊಡುವುದು. ಇದು ನನ್ನ ಪದ್ಧತಿ.

ಸೊಸೆ ಪಲ್ಲವಿ ಮಾತ್ರ ತನ್ನ ಮೊಬೈಲ್ ಕೊಡಲು ಹಿಂದೆಮುಂದೆ ನೋಡಿದಳು.

“ಮಾವಾರ, ಇದರಾಗ ನಮ್ಮಪ್ಪಂದು ಒಂದು ಮೆಸೇಜ್ ಐತ್ರಿ. ಮಾತಾಡಿ ಕಳಿಸಿದ್ದು. ಅದನ್ನ ನಾ ಇನ್ನೂ ಕೇಳಿಲ್ರಿ.”

ಅವಳ ಅಪ್ಪ, ಲಚ್ಯಾಣದ ನಮ್ಮ ಬೀಗರು ಅಮೋಘಸಿದ್ಧಪ್ಪ, ಹೋದ ವರ್ಷ ದೀಪಾವಳಿ ಅಮಾವಾಸ್ಯೆಯ ದಿನ ತೀರಿಕೊಂಡರು. ಬೆಳಿಗ್ಗೆ ಮಗಳಿಗೆ ಆ ಮೆಸೇಜ್ ಕಳಿಸಿದ್ದರು. ಹಬ್ಬದ ಗಡಿಬಿಡಿಯಲ್ಲಿ ಅವಳು ಅದನ್ನು ತೆರೆಯುವ ಮೊದಲೇ ಎದೆ ಹಿಡಿದುಕೊಂಡು ಕುಸಿದರು ಎಂಬ ಫೋನ್ ಬಂತು. ಆಮೇಲೆ ಅದನ್ನು ಮುಟ್ಟುವ ಧೈರ್ಯ ಅವಳಿಗೆ ಬರಲಿಲ್ಲ. ಅಪ್ಪನ ಮೊಬೈಲನ್ನು ಅವಳ ತಮ್ಮ ಇಂಡಿ ಪಟ್ಟಣದ ಅಂಗಡಿಯೊಂದರಲ್ಲಿ ಬದಲಿಗೆ ಕೊಟ್ಟು ಹೊಸದು ತಂದಿದ್ದ.

“ವರ್ಷದ ದಿನ ಎಲ್ಲಾರೂ ಇರ್ತಾರಲ್ರಿ, ಅವತ್ತ ಕೇಳ್ತೇನಿ. ಅದೊಂದು ಮೊಬೈಲಿನ್ಯಾಗೂ ಇರಲಿ ಮಾವಾರ.”

“ಎರಡೆರಡು ಕಡೆ ಇಡೂದಾದ್ರ ಇಷ್ಟ ದೊಡ್ಡದು ಯಾಕ ತಂದೇನವ್ವಾ? ನನ್ನ ಮ್ಯಾಲ ಭರೋಸಾ ಇಲ್ಲೇನು?”

ಮಾವ ಭರೋಸೆಯ ಮಾತು ತೆಗೆದರೆ ಸೊಸೆಯಾದವಳು ಏನು ಹೇಳಿಯಾಳು? ಕೊಟ್ಟಳು. ಬಾಗಿಲಲ್ಲಿ ನಿಂತಿದ್ದ ಸುಜಾತಾ ಸುಮ್ಮನಿರಲಿಲ್ಲ.

“ನಿಮ್ಮಜ್ಜ ಬಿತ್ತೋ ಜೋಳ ಹಗೇವಿಗೆ ಹಾಕತಿದ್ದಿಲ್ರೀ. ಬೂದಿ ಕಲಸಿ ಮನ್ಯಾಗ ಬ್ಯಾರೆ ಇಡತಿದ್ರಂತ. ನಿಮ್ಮವ್ವನೇ ಹೇಳತಿದ್ರು.”

“ನಿನಗ ಕಂಪ್ಯೂಟರ್ ತಿಳಿಯೂದಿಲ್ಲ, ಸುಮ್ಕಿರು” ಎಂದೆ. ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಮಹಾನವಮಿಯ ದಿನ ನಮ್ಮಲ್ಲಿ ಖಂಡೆ ಪೂಜೆ. ಅಜ್ಜನ ಕುಡಗೋಲು, ಸುಜಾತಾಳ ಹೊಲಿಗೆ ಮಷಿನ್ನು, ನನ್ನ ಕಂಪಾಸ್ ಪೆಟ್ಟಿಗೆ, ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಈ ಸಲ ನಟ್ಟನಡುವೆ ಮಣೆಯ ಮೇಲೆ ಡಿಸ್ಕ್ ಕೂಡಿಸಿದೆ. ಅದೂ ಬರೀ ಕೂಡಿಸಲಿಲ್ಲ, ವೈರು ಎಳೆದು ಚಾಲೂ ಮಾಡಿ ಕೂಡಿಸಿದೆ. ದೀಪ ಉರಿಯದ ಯಂತ್ರಕ್ಕೆ ಎಂಥ ಪೂಜೆ ಎಂಬ ತರ್ಕ ನನ್ನದು. ಅದು ಒಳಗೇ ಗುಂಯ್‌ಗುಡುತ್ತ ನೀಲಿ ದೀಪ ಮಿಟುಕಿಸುತ್ತಿತ್ತು.

ಕಾಯಿ ಒಡೆಯುವ ಕಲ್ಲು ಮಣೆಯ ಪಕ್ಕದಲ್ಲೇ ಇತ್ತು. ಕಾಯಿ ಒಡೆಯುವುದರಲ್ಲಿ ನನಗೆ ಮೊದಲಿನಿಂದಲೂ ಹುರುಪು ಜಾಸ್ತಿ. ಒಂದೇ ಏಟು. ಕಾಯಿ ಎರಡು ಹೋಳಾಯಿತು, ನೀರು ಸಿಡಿದು ಡಿಸ್ಕಿನ ಮೇಲಿನ ಸಂದುಗಳೊಳಗೆ ಇಳಿಯಿತು. ನನಗೆ ಗಾಬರಿಯಾಗಿ ಎರಡೂ ಕೈಯಲ್ಲಿ ಅದನ್ನೆತ್ತಿ ತಲೆಕೆಳಗು ಮಾಡಿ, ಒದ್ದೆ ಟವೆಲು ಜಾಡಿಸಿದಂತೆ ಜಾಡಿಸಿದೆ. ಒಳಗಿನ ಗುಂಯ್ ಸದ್ದು ಕರಕರ ಎಂದಿತು, ಆಮೇಲೆ ಟಕ್ ಟಕ್ ಎಂದಿತು. ದೀಪ ಆರಿತು.

ಪಲ್ಲವಿ ಒಳಗೆ ಹೋಳಿಗೆ ಬೇಯಿಸುತ್ತಿದ್ದಳು. ಸುಜಾತಾ ನನ್ನ ಮುಖ ನೋಡಿ, ಒದ್ದೆಯಾದ ಮಣೆ ಒರೆಸತೊಡಗಿದಳು. ಡಿಸ್ಕನ್ನು ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆ. ಮರುದಿನ, ಊರೆಲ್ಲ ಬನ್ನಿ ಕೊಟ್ಟು ತಗೊಳ್ಳುತ್ತಿರುವಾಗ, ನಾನು ಕೋಣೆಯ ಬಾಗಿಲು ಹಾಕಿಕೊಂಡು ಅದರ ವೈರು ಚುಚ್ಚುವುದು, ಕೀಳುವುದು ಮಾಡುತ್ತಿದ್ದೆ. ಪ್ರತಿ ಸಲವೂ ಅದೇ ಟಕ್ ಟಕ್.

ಹಬ್ಬ ಮುಗಿದ ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ತಬ್ರೇಜನಲ್ಲಿಗೆ ಒಯ್ದೆ. ನನ್ನ ಹಳೆಯ ವಿದ್ಯಾರ್ಥಿ, ಈಗ ಅವನಿಗೇ ಇಬ್ಬರು ಮಕ್ಕಳು. ಡಿಸ್ಕನ್ನು ಕಿವಿಗೆ ಹಿಡಿದು ಕೇಳಿದ.

“ಸರ, ಇದು ತಿರಗಾಕತ್ತಾಗ ಅಲುಗಾಡಿಸಿದ್ರೇನ್ರಿ?”

“ಜಾಡಿಸಿದೆ.”

ತಬ್ರೇಜ ತಲೆ ತಗ್ಗಿಸಿದ. ನಾನು ಅವನಿಗೆ ಇಡೀ ಕ್ಲಾಸಿನೆದುರು ಎಷ್ಟೋ ಸಲ ಬೈದಿದ್ದೇನೆ. ಅವನೂ ಒಂದು ಮಾತು ಬೈದಿದ್ದರೆ ಹಗುರಾಗುತ್ತಿತ್ತು. ಸೋಲಾಪುರದಲ್ಲಿ ಇಂಥದ್ದನ್ನು ಬಿಚ್ಚಿ ನೋಡುವ ಗೆಳೆಯನೊಬ್ಬನಿದ್ದಾನೆ, ಕಳಿಸಿ ನೋಡುತ್ತೇನೆ ಎಂದ.

ಅಲ್ಲಿಂದ ಉತ್ತರ ಬರುವವರೆಗೆ ನಾನು ಮನೆಯಲ್ಲಿ ಕಳ್ಳನ ಹಾಗೆ ತಿರುಗಾಡಿದೆ. ಬೀಗರ ವರ್ಷದ ಪೂಜೆಗೆ ಲಚ್ಯಾಣಕ್ಕೆ ಹೋಗುವ ದಿನ ಹತ್ತಿರ ಬರುತ್ತಿತ್ತು. ಪಲ್ಲವಿ ಎರಡು ಸಲ ಕೇಳಿದಳು.

“ಮಾವಾರ, ಅಪ್ಪಂದು ಮೊಬೈಲಿಗೆ ಹಾಕಿ ಕೊಡ್ತೀರೇನ್ರಿ?”

“ಬ್ಯಾಕಪ್ ನಡದೈತವ್ವಾ. ನಡುವ ತೆಗಿಯೂ ಹಂಗಿಲ್ಲ.”

ಅವಳು ನಂಬಿದಳು. ನಂಬಿ ಚಹಾ ತಂದುಕೊಟ್ಟಳು.

ಅಮಾವಾಸ್ಯೆಗೆ ಮೂರು ದಿನ ಇರುವಾಗ ತಬ್ರೇಜನ ಫೋನ್ ಬಂತು.

“ಸರ, ಒಳಗಿನ ಪ್ಲೇಟಿನ ಮ್ಯಾಲ ಪೂರಾ ಗೀರ ಬಿದ್ದಾವಂತ್ರಿ. ಏನೂ ಬರೂದಿಲ್ಲಂದ್ರು. ಇನ್ನೊಂದು ಕಡೆ ಕಾಪಿ ಇಟ್ಟಿರಬೇಕಲ್ರಿ ನೀವು?”

ನನ್ನಂಥ ಶಿಸ್ತಿನ ಮಾಸ್ತರ ಇಟ್ಟೇ ಇರುತ್ತಾನೆ ಎಂಬ ನಂಬಿಕೆ ಅವನ ದನಿಯಲ್ಲಿತ್ತು. ಫೋನ್ ಇಟ್ಟೆ.

ಮಧ್ಯಾಹ್ನ ಪಲ್ಲವಿ ಪಡಸಾಲೆಯಲ್ಲಿ ಕೂತು ಕರಚಿಕಾಯಿ ತುಂಬುತ್ತಿದ್ದಳು. ಅಪ್ಪನಿಗೆ ಇಷ್ಟವಾಗಿತ್ತಂತೆ, ಎಡೆಗೆ ಇಡಬೇಕಂತೆ. ನಾನು ನೋಟ್‌ಬುಕ್ ಹಿಡಿದು ಹೋಗಿ ಅವಳೆದುರು ನೆಲಕ್ಕೆ ಕೂತೆ. ಆ ನೋಟ್‌ಬುಕ್ ಯಾಕೆ ಹಿಡಿದಿದ್ದೆನೋ, ಕೈಯಲ್ಲಿ ಏನಾದರೂ ಇರಲಿ ಎಂದಿರಬೇಕು. ಕಾಯಿ ಒಡೆದದ್ದು, ಜಾಡಿಸಿದ್ದು, ಸುಳ್ಳು ಹೇಳಿದ್ದು, ಸೋಲಾಪುರದ ಉತ್ತರ, ಎಲ್ಲ ಹೇಳಿದೆ.

“ನಂದು ತಪ್ಪಾತವ್ವಾ” ಎಂದೆ. ಮನೆಯಲ್ಲಿ ಈ ಮಾತು ನಾನು ಹಿಂದೆ ಆಡಿದ ನೆನಪಿಲ್ಲ.

ಅವಳು ಅಳಲಿಲ್ಲ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, ನೋಟ್‌ಬುಕ್ ತೆಗೆದುಕೊಂಡು ಹಾಳೆ ತಿರುವಿದಳು. ಒಂದು ಸಾಲಿನ ಮೇಲೆ ಬೆರಳಿಟ್ಟಳು. ನನ್ನ ದುಂಡಗಿನ ಅಕ್ಷರ: ಲಚ್ಯಾಣದ ಬೀಗರು, ಧ್ವನಿ, 2 ನಿಮಿಷ 14 ಸೆಕೆಂಡು, ಚಾಲೂ ಇದೆ.

“ಮಾವಾರ, ಚಾಲೂ ಐತಿ ಅಂತ ಬರದೀರಿ.” ಅವಳ ಮುಖದಲ್ಲಿ ಒಮ್ಮೆಲೇ ಆಸೆ ಮೂಡಿತು. “ಅಂದ್ರ ನೀವು ಕೇಳೀರಿ. ಅಪ್ಪ ಏನಂದಾನ ಹೇಳ್ರಿ.”

ಅವಳು ಒಂದು ವರ್ಷ ಕಾಯ್ದುಕೊಂಡು ಬಂದದ್ದನ್ನು ನಾನು ಅವಳಿಗಿಂತ ಮೊದಲು ತೆರೆದಿದ್ದೆ ಎಂಬುದು ಆಗಲೇ ನನಗೆ ಹೊಳೆದದ್ದು. ಕಣ್ಣು ಮುಚ್ಚಿ ನೆನಪಿಸಿಕೊಂಡೆ. ಮೊದಲು ಕೆಮ್ಮು. ಹಿಂದೆಲ್ಲೋ ಎಮ್ಮೆ ಕೂಗಿದ್ದು. ಆಮೇಲೆ ಬೀಗರ ದನಿ.

“ಪಲ್ಲೂ, ಎದ್ದಿಯೇನವ್ವಾ? ನಿನಗೊಂದು ಮಾತ ಹೇಳೂದಿತ್ತು. ನೀ ಸಿಟ್ಟಾಗಬ್ಯಾಡ...”

“ಹೌದ್ರಿ. ಹಂಗ ಅಂತಿದ್ದ.” ಅವಳು ಬಾಯಿಗೆ ಸೆರಗು ಹಿಡಿದು, ಸ್ವಲ್ಪ ಮುಂದೆ ಸರಿದು ಕೂತಳು. “ಮುಂದ?”

ಬೀಗರನ್ನು ನಾನು ಆರು ವರ್ಷ ಬಲ್ಲೆ. ಅವರು ಹೇಳಬಹುದಾದ ಒಂದು ಮಾತು ಕಟ್ಟಿ ಹೇಳುವುದು ನನಗೆ ಕಷ್ಟವಿರಲಿಲ್ಲ. ಹಬ್ಬಕ್ಕೆ ಬಾ ಎಂದರು, ಚೆನ್ನಾಗಿರು ಎಂದರು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳಿಗೆ ಅಪ್ಪ ಉಳಿಸಿಹೋದ ಜಾಗದಲ್ಲಿ ನನ್ನ ಇನ್ನೊಂದು ಸುಳ್ಳು ತುಂಬಲು ಮನಸ್ಸು ಒಪ್ಪಲಿಲ್ಲ.

“ಅಷ್ಟ ಕೇಳೇನವ್ವಾ. ದನಿ ಚೊಕ್ಕ ಬರಾಕತ್ತಿತ್ತು. ಬಂದ್ ಮಾಡಿ ಮುಂದಿನದು ತೆಗೆದೆ.”

“ಎಷ್ಟು ಕೇಳಿದ್ರಿ?”

“ಹತ್ತು ಸೆಕೆಂಡ ಇರಬೇಕು.”

ಪಲ್ಲವಿ ಮತ್ತೆ ಆ ಸಾಲನ್ನು ನೋಡಿದಳು. ಅವಳ ತುಟಿ ಸಣ್ಣಗೆ ಅಲ್ಲಾಡಿತು.

“ಇನ್ನೂ ಎರಡು ನಿಮಿಷ ನಾಕು ಸೆಕೆಂಡ ಮಾತಾಡ್ಯಾನ” ಎಂದು ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟಳು.

ಲೆಕ್ಕ ಸರಿಯಾಗಿತ್ತು.